ಅಡುಗೆ ಅನಿಲದ ವ್ಯಾನು

ನಮ್ಮ ಅಂಗಳದಲ್ಲಿ ನಿಂತಿರುವ ವ್ಯಾನನ್ನು ನೋಡಿದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಎಂತಕ್ಕೆ ಟೀಚರೇ?" ಎಷ್ಟು ಹಳತು ಎಂದು ಕೇಳಬಹುದು, ಬಣ್ಣ ಚೆಂದ ಉಂಟು ಎನ್ನಬಹುದು. ಇಲ್ಲ, ಎಂತಕ್ಕೆ. ಕೇರಳದ ಗಡಿಯೊಳಗಿನ ನಮ್ಮ ಪೈವಳಿಕೆಯಲ್ಲಿ ಇಬ್ಬರೇ ವಾಸಿಸುವ ಮನೆಗೆ ಆರು ಬಚ್ಚಲು ಕಟ್ಟಿಸಿದವರಿದ್ದಾರೆ, ಒಬ್ಬನೇ ಹತ್ತಿ ಇಳಿಯಲು ಮೂರು ಕಾರು ಇಟ್ಟುಕೊಂಡವರಿದ್ದಾರೆ. ಅವರನ್ನು ಯಾರೂ ಎಂತಕ್ಕೆ ಎಂದು ಕೇಳಿದ್ದು ನನ್ನ ಕಿವಿಗೆ ಬಿದ್ದಿಲ್ಲ. ಐವತ್ತೆಂಟು ವರ್ಷದ ಹೆಂಗಸು, ಅದರಲ್ಲೂ ನಿವೃತ್ತಳಾದ ಕನ್ನಡ ಟೀಚರು, ಒಳಗೆ ಮಂಚವಿರುವ ಹಳೆಯ ವ್ಯಾನು ಕೊಂಡರೆ ಮಾತ್ರ ಊರಿಗೆ ಕಾರಣ ಬೇಕಾಗುತ್ತದೆ.

ಮೊದಮೊದಲು ನಾನೂ ಕಾರಣ ಕೊಡುತ್ತಿದ್ದೆ. ತೀರ್ಥಯಾತ್ರೆಗೆ ಎಂದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ದೇವರನ್ನು ಜಾಮೀನು ಕೊಟ್ಟರೆ ಹೆಂಗಸು ಕಾಶಿಯವರೆಗೂ ಹೋಗಬಹುದು. ಆಮೇಲೆ ನನಗೇ ನಾಚಿಕೆಯಾಗಿ ನಿಜ ಹೇಳತೊಡಗಿದೆ: "ತಿರುಗಲಿಕ್ಕೆ." ಈ 'ತಿರುಗು' ಎಂಬ ಧಾತುವನ್ನು ಮೂವತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದವಳು ನಾನು. ಅದು ಗಂಡಸಿಗೆ ಹತ್ತಿದರೆ ಲೋಕಾನುಭವ, ಹೆಂಗಸಿಗೆ ಹತ್ತಿದರೆ ಬೈಗುಳ. ಯಾವ ವ್ಯಾಕರಣದಲ್ಲೂ ಇದಕ್ಕೆ ಸೂತ್ರ ಕೊಟ್ಟಿಲ್ಲ, ಆದರೂ ಒಂದನೇ ತರಗತಿಗೆ ಬರುವ ಮೊದಲೇ ಎಲ್ಲರಿಗೂ ಬಾಯಿಪಾಠ ಬಂದಿರುತ್ತದೆ.

ವ್ಯಾನಿನ ಜಾತಕ ಹೇಳಿಬಿಡುತ್ತೇನೆ. ಸುಮಾರು ನಲವತ್ತು ವರ್ಷದ ಕೆಳಗೆ ಕೊಡಗಿನ ತೋಟದ ಸಾಹುಕಾರರೊಬ್ಬರು ಹಕ್ಕಿ ನೋಡುವ ಹುಚ್ಚಿಗೆ ಬಿದ್ದು ಇದನ್ನು ಮಾಡಿಸಿದರು. ಮಡಚುವ ಮಂಚ, ಗೋಡೆಗೆ ಒರಗಿಸಿಡುವ ಮೇಜು, ಒಂದು ಮೂಲೆಯಲ್ಲಿ ಚಹಾ ಕಾಯಿಸುವಷ್ಟು ಜಾಗ, ಕಿಟಕಿಗಳಿಗೆ ಪರದೆ. ಅವರು ತೀರಿಕೊಂಡ ಮೇಲೆ ಹಕ್ಕಿಗಳು ಉಳಿದವು, ವ್ಯಾನು ಮಾರಾಟಕ್ಕೆ ಬಂತು. ಐವತ್ತಾರು ತುಂಬಿದಾಗ ಶಾಲೆಯವರು ನನಗೆ ಶಾಲು ಹೊದೆಸಿ ಮನೆಗೆ ಕಳುಹಿಸಿದ್ದರು. ಗಾಡಿಗಳ ಮಟ್ಟಿಗೆ ಸರಕಾರ ಇಷ್ಟು ನಿಷ್ಠುರವಲ್ಲ. ಹದಿನೈದು ವರ್ಷ ದಾಟಿದ ಗಾಡಿ ಐದು ವರ್ಷಕ್ಕೊಮ್ಮೆ ತಾನಿನ್ನೂ ಓಡುತ್ತೇನೆ ಎಂದು ತೋರಿಸಿಕೊಟ್ಟರೆ ಮತ್ತೆ ಐದು ವರ್ಷ ಕೊಡುತ್ತಾರೆ. ಟೀಚರುಗಳಿಗೆ ಆ ಅವಕಾಶ ಇಲ್ಲ. ಬಹುಶಃ ಅದಕ್ಕೇ ನನಗೆ ಆ ವ್ಯಾನಿನ ಮೇಲೆ ಮನಸ್ಸಾಯಿತು.

ನಮ್ಮವರು ಅಂಚೆ ಇಲಾಖೆಯಲ್ಲಿದ್ದವರು. ಮನುಷ್ಯನಿಗೆ ಒಂದೇ ವಿಳಾಸ ಇರಬೇಕು ಎಂಬುದು ಅವರ ಸಿದ್ಧಾಂತ. ತಮ್ಮ ಮಂಚ, ತಮ್ಮ ದಿಂಬು ಬಿಟ್ಟರೆ ಅವರಿಗೆ ನಿದ್ದೆ ಹತ್ತುವುದಿಲ್ಲ. "ನೀನು ಬೇಕಾದರೆ ಹೋಗು, ನಾನು ಬೇಡ ಹೇಳುದಿಲ್ಲ" ಎಂದರು. ಬೇಡ ಎನ್ನದಿರುವುದಕ್ಕೂ ಹೋಗಿ ಬಾ ಎನ್ನುವುದಕ್ಕೂ ನಡುವೆ ಎಷ್ಟು ದೂರ ಇದೆ ಎಂದು ಮದುವೆಯಾದ ಎಲ್ಲರಿಗೂ ಗೊತ್ತು. ಆದರೆ ಅವರನ್ನು ದೂರುವುದಿಲ್ಲ. ನನಗೆ ದೂರದ ಆಸೆಯೂ ಇರಲಿಲ್ಲ. ನಮ್ಮ ಅಂಗಳದಿಂದ ಕಾಣುವ ಪೊಸಡಿಗುಂಪೆ ಗುಡ್ಡದ ತುದಿಯಲ್ಲಿ ನಿಂತು ಸೂರ್ಯ ಹುಟ್ಟುವುದನ್ನು ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಆ ಹೊತ್ತಿಗೆ ನಾನು ಯಾವಾಗಲೂ ದೋಸೆ ಹೊಯ್ಯುತ್ತಿದ್ದೆ.

ತೊಂದರೆ ಬಂದದ್ದು ಪೆಟ್ರೋಲಿನಿಂದ. ಈಗಿನ ಪೆಟ್ರೋಲಿಗೆ ಕಬ್ಬಿನಿಂದಲೋ ಜೋಳದಿಂದಲೋ ತೆಗೆದ ಸ್ಪಿರಿಟ್ ಬೆರೆಸುತ್ತಾರೆ. ಹೊಸ ಗಾಡಿಗಳು ಅದನ್ನು ಅರಗಿಸಿಕೊಳ್ಳುತ್ತವೆ. ನಮ್ಮ ವ್ಯಾನಿನ ಹಳೆಯ ರಬ್ಬರ್ ಪೈಪುಗಳು ಉಬ್ಬಿ, ಮೆತ್ತಗಾಗಿ, ಪಕ್ಕದೂರು ಬಾಯಾರಿನ ಏರಿನಲ್ಲಿ ಎರಡು ಸಲ ನನ್ನನ್ನು ನಡುದಾರಿಯಲ್ಲಿ ಕೈಬಿಟ್ಟವು. ಕಾಸರಗೋಡಿನಲ್ಲಿ ಗಾಡಿಗಳಿಗೆ ಗ್ಯಾಸ್ ಕೂಡಿಸುವ ಪರವಾನಗಿ ಪಡೆದ ಹಮೀದ್ ಎಂಬ ಮೆಕ್ಯಾನಿಕ್ ಇದ್ದಾರೆ. ಎಂಜಿನ್ ಮುಚ್ಚಿದ ಸೀಟು ಎತ್ತಿ, ಒಂದು ಪೈಪನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿ ಹೇಳಿದರು: "ಟೀಚರೇ, ಗಾಡಿ ಕೆಟ್ಟದ್ದಲ್ಲ. ಅದಕ್ಕೆ ಈ ಕುಡಿತ ಆಗುದಿಲ್ಲ, ಅಷ್ಟೇ. ಗ್ಯಾಸಿಗೆ ಹಾಕುವ."

ಗ್ಯಾಸ್ ಎಂದರೆ ಪ್ರೊಪೇನ್, ಅದರ ಜೊತೆಗೆ ಬ್ಯುಟೇನ್ ಎಂಬ ಅದರ ತಮ್ಮ. ನಮ್ಮ ಒಲೆಯಲ್ಲಿ ಉರಿಯುವುದೂ ಇದೇ ಅಣ್ಣ ತಮ್ಮಂದಿರು, ಪಾಲಿನಲ್ಲಿ ಮಾತ್ರ ಹೆಚ್ಚು ಕಡಿಮೆ. ಹಮೀದ್ ಹಿಂದುಗಡೆ ಮಂಚದ ಅಡಿಯಲ್ಲಿ ದಪ್ಪ ಉಕ್ಕಿನ ಟ್ಯಾಂಕು ಬಿಗಿದರು. ಅಲ್ಲಿಂದ ಮುಂದಕ್ಕೆ ತಾಮ್ರದ ಕೊಳವೆ ಎಳೆದರು. ದ್ರವವಾಗಿ ಬಂದದ್ದನ್ನು ಆವಿ ಮಾಡಿ ಎಂಜಿನಿಗೆ ಉಣಿಸುವ ಒಂದು ಡಬ್ಬಿ ಕೂಡಿಸಿದರು. ಕೊನೆಗೆ ಪ್ರತಿಯೊಂದು ಕೀಲಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೋ ಎಂದು ಟಾರ್ಚ್ ಹಿಡಿದು ನೋಡಿದರು. ಏಳಲಿಲ್ಲ. ಪೆಟ್ರೋಲಿನಲ್ಲಿ ಶುರು ಮಾಡಿ ಸ್ವಿಚ್ಚು ಒತ್ತಿದಾಗ ಎಂಜಿನ್ ಒಂದು ಕ್ಷಣ ಅನುಮಾನಿಸಿತು, ಆಮೇಲೆ ಗಂಟಲು ಸರಿಪಡಿಸಿಕೊಂಡು ಓಡಿತು. ಸ್ಟೇರಿಂಗ್ ಹಿಡಿದುಕೊಂಡೇ ನಾನು ನಕ್ಕುಬಿಟ್ಟೆ.

ಮನೆಗೆ ತಂದಾಗ ನಮ್ಮವರು ಮಂಚದ ಅಡಿಗೆ ಬಗ್ಗಿ ನೋಡಿದರು. "ಎಂತ ಮಾರಾಯ್ತಿ, ಇನ್ನು ಬಾಂಬಿನ ಮೇಲೆ ಮಲಗ್ಲಿಕ್ಕೆ ಉಂಟಾ ನಿಂಗೆ?" ಮೂವತ್ತೈದು ವರ್ಷ ಒಂದು ಸಿಲಿಂಡರಿನ ಪಕ್ಕದಲ್ಲಿ ದಿನಕ್ಕೆ ಮೂರು ಹೊತ್ತು ಬೆಂಕಿ ಹಚ್ಚಿಕೊಂಡು ನಿಂತವಳು ನಾನು. ಆಗ ಯಾರಿಗೂ ನನ್ನ ಜೀವದ ಚಿಂತೆ ಬಂದಿರಲಿಲ್ಲ. ಹಾಗೆಂದು ಹೇಳಿದೆ. ಅವರು ಪೇಪರು ಬಿಡಿಸಿ ಕೂತರು.

ಇನ್ನು ಉಳಿದದ್ದು ಗಾಡಿಯ ಪುಸ್ತಕದಲ್ಲಿ ಇಂಧನ ಬದಲಾದದ್ದನ್ನು ಬರೆಸುವುದು. ಐದು ವರ್ಷದ ಗಡುವು ಮುಗಿಯಲು ಮೂರು ವಾರ ಇತ್ತು. ಅಷ್ಟರೊಳಗೆ ಬರೆಸದಿದ್ದರೆ ಫಿಟ್‌ನೆಸ್ ಇಲ್ಲ, ಫಿಟ್‌ನೆಸ್ ಇಲ್ಲದಿದ್ದರೆ ವ್ಯಾನು ಗುಜರಿಗೆ. ಉಪ್ಪಳದ ಗುಜರಿಯವನು ಆಗಲೇ ಒಂದು ಸಲ ಬಂದು ಅದರ ಸುತ್ತ ನಡೆದು, ಕಬ್ಬಿಣ ಒಳ್ಳೆಯದುಂಟು ಎಂದು ಹೊಗಳಿ ಹೋಗಿದ್ದ. ಎಲ್ಲ ಕೆಲಸವೂ ಕಂಪ್ಯೂಟರಿನಲ್ಲೇ ಆಗುವ ಕಾಲ ಇದು, ಆದರೂ ಹಳೆಯ ಗಾಡಿಯಾದ ಕಾರಣ ಕೈಬರಹದಲ್ಲಿ ಒಂದು ಅರ್ಜಿಯೂ ಬೇಕು ಎಂದರು ಕಚೇರಿಯವರು. ಯಾವ ಕಚೇರಿ ಎಂದು ಹೇಳುವುದಿಲ್ಲ. ಮುಂದೆ ಆದ ತಪ್ಪಿನಲ್ಲಿ ದೊಡ್ಡ ಪಾಲು ನನ್ನದೇ.

ಅರ್ಜಿಯನ್ನು ಕನ್ನಡದಲ್ಲಿ ಬರೆದೆ. ಕಾಸರಗೋಡಿನಲ್ಲಿ ಕನ್ನಡಿಗರಿಗೆ ಆ ಹಕ್ಕು ಇದೆ. ಬಳಸದೆ ಬಿಟ್ಟ ಹಕ್ಕು ಬಾವಿಯ ಹಗ್ಗದ ಹಾಗೆ, ಒಂದು ದಿನ ಬೇಕೆಂದು ಎಳೆದರೆ ತುಂಡಾಗುತ್ತದೆ. ಬರೆದದ್ದೂ ಅಂಥಿಂಥ ಕನ್ನಡವಲ್ಲ. ಮಕ್ಕಳ ಪ್ರಬಂಧದಲ್ಲಿ ಬಸ್ಸು ಎಂಬ ಶಬ್ದಕ್ಕೂ ಅಡಿಗೆರೆ ಎಳೆಯುತ್ತಿದ್ದ ಕೈ ಅದು. ಗ್ಯಾಸ್ ಎಂದು ಬರೆಯಲು ಒಪ್ಪಲಿಲ್ಲ. "ನನ್ನ ಸಂಚಾರಿ ವಸತಿ ವಾಹನವನ್ನು ಅಡುಗೆ ಅನಿಲಕ್ಕೆ ಪರಿವರ್ತಿಸಿರುವುದರಿಂದ" ಎಂದು ಶುರು ಮಾಡಿ ಒಂದು ಪುಟ ತುಂಬಿಸಿದೆ. ಓದಿ ನೋಡಿದೆ. ಒಂದೇ ಒಂದು ಇಂಗ್ಲಿಷ್ ಶಬ್ದವೂ ಇರಲಿಲ್ಲ. ಅಹಂಕಾರಕ್ಕೆ ಮೊದಲೇ ವಾಸನೆ ಸೇರಿಸಿಟ್ಟಿದ್ದರೆ ಎಷ್ಟು ಒಳ್ಳೆಯದಿತ್ತು, ಗ್ಯಾಸಿನ ಹಾಗೆ ಸೋರಿದ ಕೂಡಲೇ ಗೊತ್ತಾಗುತ್ತಿತ್ತು.

ಹತ್ತು ದಿನ ಕಳೆದು ಮಲಯಾಳದಲ್ಲಿ ನೋಟೀಸು ಬಂತು. ಮಲಯಾಳ ನನಗೆ ಅರ್ಥವಾಗುತ್ತದೆ, ಓದುವುದು ಮಾತ್ರ ನಿಧಾನ. ಒಂದೊಂದೇ ಸಾಲಿಗೆ ಬೆರಳಿಟ್ಟು ಓದಿದೆ. ವಾಹನದಲ್ಲಿ ಅಡುಗೆ ಅನಿಲ ಉಪಯೋಗಿಸುತ್ತಿರುವುದನ್ನು ಅರ್ಜಿದಾರರೇ ಒಪ್ಪಿಕೊಂಡಿದ್ದಾರೆ, ಇದು ಶಿಕ್ಷಾರ್ಹ, ಏಳು ದಿನದೊಳಗೆ ವಾಹನ ಸಹಿತ ಹಾಜರಾಗಿ ವಿವರಣೆ ಕೊಡಬೇಕು. ಕೆಳಗೆ ಇನ್ನೊಂದು ಸಾಲಿತ್ತು: ಆಹಾರ ವ್ಯಾಪಾರದ ಪರವಾನಗಿಯನ್ನೂ ತರಬೇಕು. ಮನೆಯ ಸಿಲಿಂಡರನ್ನು ಗಾಡಿಗೆ ಹಾಕುವುದು ಅಪರಾಧ ಎಂದು ನನಗೂ ಗೊತ್ತಿತ್ತು. ನನ್ನ ಶಬ್ದ ರಸಾಯನಶಾಸ್ತ್ರದ ಲೆಕ್ಕದಲ್ಲಿ ಸರಿ, ಕಾನೂನಿನ ಲೆಕ್ಕದಲ್ಲಿ ತಪ್ಪು. ಆದರೆ ಈ ಆಹಾರ ವ್ಯಾಪಾರ ಎಲ್ಲಿಂದ ಬಂತು ಎಂದು ಮಾತ್ರ ತಿಳಿಯಲಿಲ್ಲ.

ನಮ್ಮವರು ನೋಟೀಸು ಓದಿಸಿಕೊಂಡು ಕೇಳಿ, "ಅದಕ್ಕೇ ಹೇಳಿದ್ದು, ಮಲಯಾಳದಲ್ಲಿ ಬರೆಸ್ಬೇಕಿತ್ತು" ಎಂದರು. ಅವರು ಹಾಗೆ ಹೇಳಿರಲಿಲ್ಲ. ಹಮೀದ್ ಕೂಡ ಫೋನಿನಲ್ಲಿ, "ಟೀಚರೇ, ಹಟ ಬೇಡ, ಗಾಡಿ ಹೋಗ್ತದೆ" ಎಂದರು. ನನಗೆ ಸಿಟ್ಟು ಬಂತು, ಅವರ ಮೇಲಲ್ಲ. ಗಾಡಿ ಹೋದರೆ ಒಂದು ದುಃಖ. ಕನ್ನಡದಲ್ಲಿ ಬರೆದದ್ದಕ್ಕೆ ಹೋಯಿತು ಎಂದು ಊರಲ್ಲಿ ಹೇಳುವಂತಾದರೆ, ಮುಂದೆ ಯಾರೂ ಇಲ್ಲಿ ಕನ್ನಡದಲ್ಲಿ ಬರೆಯುವುದಿಲ್ಲ. ಒಂದು ಶಬ್ದದ ತಪ್ಪಿಗೆ ಒಂದು ಭಾಷೆಯನ್ನು ಗುಜರಿಗೆ ಹಾಕಲು ನಾನು ತಯಾರಿರಲಿಲ್ಲ.

ಹೇಳಿದ ದಿನ ವ್ಯಾನನ್ನು ಗಾಡಿ ಪರೀಕ್ಷಿಸುವ ಮೈದಾನಕ್ಕೆ ನಾನೇ ಓಡಿಸಿಕೊಂಡು ಹೋದೆ. ಹಮೀದ್ ಬೈಕಿನಲ್ಲಿ ಹಿಂದೆ ಬಂದರು. ಅಲ್ಲಿ ನಿಮ್ಮ ಹಳೆಯ ವಿದ್ಯಾರ್ಥಿ ಯಾರೂ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇರಲಿಲ್ಲ. ಇನ್‌ಸ್ಪೆಕ್ಟರು ಬಾಗಿಲು ತೆರೆದು ತಲೆ ಒಳಗೆ ಹಾಕಿ, "ಇದಿಲ್ ಎಂದೊಕ್ಕೆ ಕಿಟ್ಟುಂ?" ಎಂದು ಕೇಳಿದರು. ಇಲ್ಲಿ ಏನೇನು ಸಿಗುತ್ತದೆ ಎಂದು ಅರ್ಥ. ತಮಾಷೆ ಮಾಡುತ್ತಿರಲಿಲ್ಲ, ಅವರು ಚಹಾ ಕಾಯಿಸುವ ಮೂಲೆಯನ್ನು ನೋಡುತ್ತಿದ್ದರು.

"ಏನೂ ಸಿಗುದಿಲ್ಲ ಸಾರ್, ಮಲಗ್ಲಿಕ್ಕೆ ಜಾಗ ಉಂಟು" ಎಂದೆ. ಹಮೀದ್ ಮಂಚ ಎತ್ತಿ ಟ್ಯಾಂಕು ತೋರಿಸಿದರು, ಅದರ ಮೇಲೆ ಕೊರೆದ ನಂಬರನ್ನು ತಾವು ಕೊಟ್ಟ ಪ್ರಮಾಣಪತ್ರದ ಜೊತೆ ತಾಳೆ ಹಾಕಿಸಿದರು. ಇನ್‌ಸ್ಪೆಕ್ಟರು ಎಂಜಿನಿನ ಮೇಲಿನ ಸೀಟು ಎತ್ತಿಸಿ, ಕೊಳವೆಗೆ ಮೂಗು ಹಿಡಿದು, ಮೈದಾನಕ್ಕೆ ಎರಡು ಸುತ್ತು ಓಡಿಸಿ ನೋಡಿದರು. ಇಳಿದಾಗ ಮುಖ ಸಡಿಲವಾಗಿತ್ತು. ಗಾಡಿ ಚೆನ್ನಾಗಿದೆ, ಆದರೆ ಪ್ರಮಾಣಪತ್ರ ಒಂದು ಹೇಳುತ್ತದೆ, ಅರ್ಜಿ ಇನ್ನೊಂದು ಹೇಳುತ್ತದೆ, ಎರಡೂ ಒಂದಾಗದೆ ಬರೆಯಲು ಬರುವುದಿಲ್ಲ ಎಂದು ಒಳಗೆ ಕಳುಹಿಸಿದರು.

ಒಳಗೆ ಕಡತ ಹಿಡಿದು ಕೂತವಳು ಕಣ್ಣೂರು ಕಡೆಯ ಹುಡುಗಿ, ಕೆಲಸಕ್ಕೆ ಸೇರಿ ವರ್ಷವಾಗಿರಬಹುದು. ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬಾರದು, ಹಾಗಾಗಿ ನನ್ನ ಅರ್ಜಿಯನ್ನು ಫೋನಿನಲ್ಲಿ ಫೋಟೋ ತೆಗೆದು ಅದರಿಂದಲೇ ಮಲಯಾಳ ಮಾಡಿಸಿದ್ದಳಂತೆ. ಫೋನು ನನ್ನ ಶುದ್ಧ ಕನ್ನಡವನ್ನು ಅಕ್ಷರ ತಪ್ಪದೆ ನಂಬಿತ್ತು. ಹಾಗಾದರೆ ಆಹಾರ ವ್ಯಾಪಾರ ಎಂದು ನಾನು ಎಲ್ಲಿ ಬರೆದಿದ್ದೆ ಎಂದು ಕೇಳಿದೆ. ಅವಳು ಸ್ವಲ್ಪ ಸಂಕೋಚದಿಂದ ಮಲಯಾಳದಲ್ಲಿ ವಿವರಿಸಿದಳು. ಬರೆದಿರಲಿಲ್ಲ. ಅಡುಗೆಯ ಗ್ಯಾಸ್, ಅರ್ಜಿಯಲ್ಲೇ ವಿವರಿಸಿದ ಒಲೆಯ ಮೂಲೆ, ಅರ್ಜಿ ಕೊಟ್ಟವರು ಹೆಂಗಸು. ಎಲ್ಲರೂ ಸೇರಿ ತಟ್ಟುಕಡ, ಅಂದರೆ ದಾರಿ ಬದಿಯ ತಿಂಡಿ ಗಾಡಿ, ಎಂದುಕೊಂಡರು.

ಇದಕ್ಕೆ ಫೋನನ್ನು ಬೈಯುವ ಹಾಗಿರಲಿಲ್ಲ. ಫೋನಿಗೆ ಅಷ್ಟು ಬುದ್ಧಿ ಇಲ್ಲ. ಹೆಂಗಸು ಮತ್ತು ಗ್ಯಾಸ್ ಒಂದೇ ಕಾಗದದಲ್ಲಿ ಬಂದರೆ ಉಳಿದದ್ದನ್ನು ಜಗತ್ತು ತಾನೇ ತುಂಬಿಸಿಕೊಳ್ಳುತ್ತದೆ. ಇದೇ ಅರ್ಜಿಯನ್ನು ನಮ್ಮವರು ಕೊಟ್ಟಿದ್ದರೆ ಪ್ರವಾಸ ಎಂದು ಓದುತ್ತಿದ್ದರು. ನನಗೆ ಅವಳ ಮೇಲೆ ಕೋಪ ಬರಲಿಲ್ಲ, ಅವಳೂ ಬೆಳಿಗ್ಗೆ ಯಾರದೋ ಊಟದ ಡಬ್ಬಿ ತುಂಬಿಸಿಟ್ಟೇ ಬಸ್ಸು ಹತ್ತಿರಬೇಕು. ಆದರೆ ಕೋಪವಂತೂ ಇತ್ತು, ಚೆನ್ನಾಗಿಯೇ ಇತ್ತು.

"ಟೀಚರ್ ಮಲಯಾಳದಲ್ಲಿ ಇನ್ನೊಂದು ಅರ್ಜಿ ಬರೆದುಕೊಡಿ, ನಾನೇ ಹೇಳಿಕೊಡುತ್ತೇನೆ, ಇವತ್ತೇ ಆಗುತ್ತದೆ" ಎಂದಳು. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಹಮೀದ್ ನನ್ನ ಕಡೆ ನೋಡಿ ಕಣ್ಣಲ್ಲೇ ಬೇಡಿಕೊಂಡರು.

"ಬೇಡ ಮೋಳೇ," ಎಂದೆ. ಮಗಳೇ ಎನ್ನಲು ಅವಳ ಭಾಷೆ ಬಳಸುವುದರಲ್ಲಿ ನನಗೆ ಹಟವಿರಲಿಲ್ಲ. "ಭಾಷೆ ಸರಿ ಉಂಟು. ಒಂದು ಶಬ್ದ ತಪ್ಪಾಗಿದೆ. ಅದನ್ನು ನಾನೇ ತಿದ್ದುತ್ತೇನೆ."

ಅವಳು ನಕ್ಕು ಕಡತದಿಂದ ಆ ಹಾಳೆಯನ್ನು ಬಿಚ್ಚಿ ಮುಂದಿಟ್ಟು ಪೆನ್ನು ಕೊಟ್ಟಳು. ನಾನು 'ಅಡುಗೆ' ಎಂಬ ಶಬ್ದವನ್ನು ಹುಡುಕಿದೆ. ಮೂರು ಕಡೆ ಇತ್ತು. ಮೂರು ಕಡೆಯೂ ಅದರ ಮೇಲೆ ನೇರ ಗೆರೆ ಎಳೆದೆ. ಅನಿಲ ಮಾತ್ರ ಉಳಿಯಿತು. ಅರ್ಜಿಗೆ ಎಲ್ಲಿಯೂ ಅರ್ಥ ಕೆಡಲಿಲ್ಲ.

ತಿದ್ದಿದ ಕಡೆ ಒಂದು ಚಿಕ್ಕ ಸಹಿ ಹಾಕಬೇಕು, ಮೊದಲಕ್ಷರ ಸಾಕು ಎಂದಳು. ನಾನು ಮೂರು ಕಡೆಯೂ ಪೂರ್ತಿ ಹೆಸರು ಬರೆದೆ.