ಸೊಣ್ಣಮ್ಮನ ಒರಳಿಗೊಂದು ಹಗ್ಗ

ಬೆಳಗಿನ ಐದೂವರೆ. ಜಯನಗರದ ತೆಂಕಣ ಅಂಚಿನಲ್ಲಿ, ಸಾರಕ್ಕಿಗೆ ಹೋಗುವ ಮಣ್ಣುದಾರಿಯ ಪಕ್ಕದ ಪಾರ್ಕಿನಲ್ಲಿ ಪೊರಕೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಐವತ್ತು ದಾಟಿದ ಸೊಣ್ಣಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊಂಗೆ ಎಲೆ ಗುಡಿಸುತ್ತಿದ್ದಾರೆ. ಮೂಲೆಯಲ್ಲಿ ನೆಲಕ್ಕೆ ಹೂತ ಒಂದು ಒರಳುಕಲ್ಲಿದೆ. ಅಲ್ಲಿಗೆ ಬಂದಾಗ ಪೊರಕೆ ಬದಿಗಿಡುತ್ತಾರೆ, ಚಪ್ಪಲಿ ಬಿಡುತ್ತಾರೆ, ಕುಳಿಯಲ್ಲಿ ನಿಂತ ಮಂಜಿನ ನೀರನ್ನು ಬೊಗಸೆಯಲ್ಲಿ ಮೊಗೆದು ಚೆಲ್ಲಿ ಸೆರಗಿನಿಂದ ಒರೆಸುತ್ತಾರೆ.

ಇವತ್ತು ಆ ಒರಳಿನ ಮೇಲೇ ಸುಣ್ಣದ ಗೆರೆಯೊಂದು ಹಾದುಹೋಗಿದೆ. ಪಾರ್ಕಿಗೆ ಕಲ್ಲುಚಪ್ಪಡಿಯ ದಾರಿ ಬರುತ್ತದೆ; ಸೋಮವಾರ ಒರಳನ್ನು ಅಗೆದು ತೆಗೆಯಬೇಕು. ಗೆರೆಯನ್ನು ಮಾತ್ರ ಸೊಣ್ಣಮ್ಮ ಒರೆಸುವುದಿಲ್ಲ. ಅವರ ಬಗ್ಗೆ ಬರೆಯಲು ಬಂದ ನಾನು ಯಾಕೆಂದು ಕೇಳಿದರೆ ಹೇಳುತ್ತಾರೆ:

"ಗುಡ್ಸೋ ಕೆಲ್ಸ ಕೊಟ್ಟವ್ರೆ, ಅಳ್ಸೋ ಕೆಲ್ಸ ಕೊಟ್ಟಿಲ್ವಲ್ಲಪ್ಪ."

ಈ ಒರಳು ಅವರದೇ ಅಡುಗೆಮನೆಯದು. ಬಡಾವಣೆ ಬರುವ ಮುಂಚೆ ಇಲ್ಲಿ ಅವರ ತೋಟದ ಮನೆಯಿತ್ತು. ಮನೆ ಕೆಡವಿದಾಗ ಬಾಗಿಲು, ತೊಲೆ, ಹೆಂಚು ಎಲ್ಲ ಸಾರಕ್ಕಿಗೆ ಹೋದವು. ಒರಳು ಆಳಕ್ಕೆ ಹೂತಿತ್ತು, ಅಲ್ಲೇ ಉಳಿಯಿತು. "ಆವತ್ತು ನಂಗೂ ಏನೂ ಅನ್ಸಲಿಲ್ಲ. ಕಲ್ಲು ತಾನೆ, ಹಾಳಾಗೋಗ್ಲಿ ಅಂದೆ," ಎನ್ನುತ್ತಾರೆ. ಈ ಮಾತು ಹೇಳುವಾಗ ಮುಖ ತಗ್ಗಿಸುತ್ತಾರೆ.

ಅನ್ನಿಸಿದ್ದು ಲಂಡನ್ನಿನಲ್ಲಿ. ಜಯನಗರದ ಎಂಜಿನಿಯರ್ ರಾಮಪ್ರಸಾದ್ ಅವರ ಮನೆಯಲ್ಲಿ ಸೊಣ್ಣಮ್ಮ ಮಗು ನೋಡಿಕೊಳ್ಳುತ್ತಿದ್ದರು. ೧೯೫೮ರಲ್ಲಿ ಆ ಕುಟುಂಬ ಹೆಚ್ಚಿನ ಓದಿಗೆಂದು ಹಡಗು ಹತ್ತಿದಾಗ ಅವರನ್ನೂ ಕರೆದುಕೊಂಡು ಹೋಯಿತು. ರಾಮಪ್ರಸಾದರ ಪತ್ನಿ ಸತ್ಯಭಾಮಾ ಅವರಿಗೆ ಭಾನುವಾರ ಬಂತೆಂದರೆ ಹಳೆಯ ಮನೆಗಳು, ಮ್ಯೂಸಿಯಂಗಳನ್ನು ನೋಡುವ ಹಂಬಲ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಸೊಣ್ಣಮ್ಮನೂ ನೋಡಿದರು. ಹನ್ನೊಂದು ತಿಂಗಳಲ್ಲಿ ಹದಿನಾಲ್ಕು ಮನೆ ಎಂದು ಅವರ ಲೆಕ್ಕ. ಸತ್ಯಭಾಮಾ ಅವರನ್ನು ಕೇಳಿದರೆ ಹದಿಮೂರು ಎನ್ನುತ್ತಾರೆ. ಎರಡನ್ನೂ ಬರೆಯುವುದೇ ನ್ಯಾಯ.

ಮೊದಲನೆಯ ಮನೆಯಲ್ಲೇ ಒಂದು ಪ್ರಸಂಗ ನಡೆಯಿತು. ಯಾವನೋ ವರ್ತಕನ ಮನೆ. ಆತ ಸತ್ತು ನೂರೈವತ್ತು ವರ್ಷವಾದರೂ ಹಾಸಿಗೆ ಹಾಸಿ, ಮೇಜಿನ ಮೇಲೆ ಬಟ್ಟಲು ಇಟ್ಟಿದ್ದರು. ಇನ್ನೊಬ್ಬರ ಮನೆಗೆ ಹೋಗುವಾಗ ಮಾಡುವಂತೆ ಸೊಣ್ಣಮ್ಮ ಬಾಗಿಲ ಬಳಿ ಚಪ್ಪಲಿ ಬಿಟ್ಟು, ಕಾಲುಚೀಲದಲ್ಲೇ ಒಳಗೆ ಹೋದರು.

"ವಾಪಸ್ ಬಂದು ನೋಡ್ತೀನಿ, ಇಬ್ರು ದೊರೆಸಾನಿಯರು ನನ್ನ ಚಪ್ಪಲಿ ಮುಂದೆ ಬಗ್ಗಿ ನಿಂತವ್ರೆ! ಅದೂ ನೋಡೋಕೆ ಇಟ್ಟಿರೋದು ಅಂದ್ಕೊಂಡವ್ರೆ. ಅಮ್ಮಾವ್ರು ನಕ್ಕೂ ನಕ್ಕೂ ಕಣ್ಣೀರು ಹಾಕ್ಕೊಂಡ್ರು. ಬಾಗ್ಲು ಕಾಯೋ ಮುದುಕಪ್ಪ ಮಾತ್ರ ನಗಲಿಲ್ಲ. ಚಪ್ಪಲಿ ತಂದು ನನ್ನ ಕಾಲ ಹತ್ರ ಇಟ್ಟ."

ಕಿರೀಟ, ಕತ್ತಿ, ಗಾಜಿನ ಪೆಟ್ಟಿಗೆಯ ಚಿನ್ನ ಇವು ಯಾವುವೂ ಅವರ ಮನಸ್ಸಿಗೆ ನಾಟಲಿಲ್ಲ. ನಾಟಿದ್ದು ಇನ್ನೊಂದು ಮನೆಯ ಅಡುಗೆಕೋಣೆಗೆ ಇಳಿಯುವ ಒಂದು ಮೆಟ್ಟಿಲು. ನಡುವೆ ತಟ್ಟೆಯಂತೆ ಸವೆದಿತ್ತು. ಯಾರೂ ತುಳಿಯದಂತೆ ಅದಕ್ಕೆ ಅಡ್ಡಲಾಗಿ ಹಗ್ಗ ಕಟ್ಟಿ, ಪಕ್ಕದಲ್ಲಿ ಒಂದು ಚೀಟಿ ಇಟ್ಟಿದ್ದರು. ಏನು ಬರೆದಿದೆ ಎಂದು ಕೇಳಿದಾಗ ಸತ್ಯಭಾಮಾ ಓದಿ ಹೇಳಿದರು: ಮನೆಯ ಆಳುಗಳು ಹತ್ತಿ ಇಳಿದು ಸವೆದದ್ದು.

"ಆಳುಗಳ ಕಾಲು ಸವೆಸಿದ್ದಕ್ಕೂ ಹಗ್ಗ ಕಟ್ಟಿ ಕಾಯ್ತಾರಾ ಅಂದೆ. ಹೂಂ ಅಂದ್ರು. ಮಗೂನ ಅವ್ರ ಕೈಗೆ ಕೊಟ್ಟು ಅಲ್ಲೇ ನೆಲದ ಮೇಲೆ ಕುಂತ್ಕೊಂಡ್ಬಿಟ್ಟೆ."

ಅವರ ಒರಳಿನ ಅಂಚೂ ಒಂದೇ ಬದಿಗೆ ಸವೆದಿದೆ. ಅತ್ತೆ ಅಕ್ಕಯಮ್ಮ ಎಡಗೈಯವರು. ನಲವತ್ತು ವರ್ಷ ಅವರ ಒನಕೆ ಬಿದ್ದದ್ದೆಲ್ಲ ಆ ಬದಿಗೇ. ಅಕ್ಕಯಮ್ಮನ ಒಂದು ಪಟ ಇಲ್ಲ, ಹೆಸರು ಬರೆದ ಒಂದು ಕಾಗದ ಇಲ್ಲ. ಉಳಿದದ್ದು ಆ ಸವೆತ ಒಂದೇ.

ಊರಿಗೆ ಮರಳಿದ ಮೇಲೆ, ಪಾರ್ಕಿಗೆ ಆಳು ಬೇಕೆಂದಾಗ ಸೊಣ್ಣಮ್ಮ ಮೊದಲು ಹೋಗಿ ನಿಂತರು. ಈಗ ಆರು ವರ್ಷವಾಯಿತು. ದಿನಕ್ಕೆ ನಲವತ್ತು ಕೊಡ ನೀರು, ಅರವತ್ತೆರಡು ಗಿಡ, ಎರಡು ಹೊತ್ತು ಕಸ. ಬೇಸಿಗೆಯಲ್ಲಿ ನಲ್ಲಿ ನಿಂತರೆ ಸಾರಕ್ಕಿಯ ಬಾವಿಯಿಂದ ಹೊತ್ತು ತರಬೇಕು. ಬಲ ಭುಜ ಬಿದ್ದುಹೋಗಿ ಎರಡು ವರ್ಷವಾಗಿದೆ. ಈಗ ಅವರೂ ಎಡಗೈಯಲ್ಲೇ ಗುಡಿಸುತ್ತಾರೆ.

ಮೇಸ್ತ್ರಿ ಗುಂಡಣ್ಣ ಅವರನ್ನು ರೇಗಿಸದ ದಿನವಿಲ್ಲ. "ಏನ್ ಲಂಡನ್ನಕ್ಕಾ, ನಿಮ್ ಕಲ್ಲಿಗೆ ಟಿಕೆಟ್ ಇಡೋಣ್ವಾ?" ಆದರೆ ಸುಣ್ಣದ ಗೆರೆ ಎಳೆದ ದಿನ ಆತ ರೇಗಿಸಲಿಲ್ಲ. "ನನ್ ಕೈಲೇನೈತಕ್ಕ? ಶನಿವಾರ ಸಾಹೇಬ್ರು ಬರ್ತಾರೆ, ನೀವೇ ಕೇಳ್ಕೊಳ್ಳಿ," ಎಂದಷ್ಟೇ ಹೇಳಿದ.

ಶನಿವಾರ ದಾರಿಯ ಕೆಲಸ ನೋಡಿಕೊಳ್ಳುವ ಸಾಹೇಬರು ಬರುತ್ತಾರೆ. ಟೇಪು ಹಿಡಿದು ಅಳೆಯುತ್ತ ಒರಳಿನ ಬಳಿ ನಿಲ್ಲುತ್ತಾರೆ. ಕೇಳಬೇಕೆಂದು ರಾತ್ರಿಯೆಲ್ಲ ಮಾತು ಜೋಡಿಸಿಕೊಂಡ ಸೊಣ್ಣಮ್ಮ ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಿದ್ದಾರೆ. ಅಷ್ಟರಲ್ಲಿ ಕಲ್ಲು ಅಲುಗುತ್ತದೆಯೋ ಎಂದು ನೋಡಲು ಸಾಹೇಬರು ಬೂಟುಗಾಲನ್ನು ಅಂಚಿನ ಮೇಲಿಡುತ್ತಾರೆ.

"ಕಾಲ್ ತೆಗೀರಿ ಸಾಮಿ!"

ಆರು ವರ್ಷದಲ್ಲಿ ಸೊಣ್ಣಮ್ಮ ಎತ್ತಿದ ಮೊದಲ ದನಿ ಇದು. ಗುಂಡಣ್ಣ ಸುಣ್ಣದ ಬುಟ್ಟಿ ಕೆಳಗಿಡುತ್ತಾನೆ. ಸಾಹೇಬರು ಬೆಚ್ಚಿ ಕಾಲು ತೆಗೆಯುತ್ತಾರೆ. ಆಗ ಮಾತು ತಾನಾಗಿ ಬರುತ್ತದೆ: ಮೆಟ್ಟಿಲು, ಹಗ್ಗ, ಚೀಟಿ, ಅತ್ತೆಯ ಎಡಗೈ. ಸಾಹೇಬರು ಕೊನೆಗೆ ಬಗ್ಗಿ ಸವೆದ ಅಂಚಿನ ಮೇಲೆ ಕೈಯಾಡಿಸುತ್ತಾರೆ.

"ಗುಂಡಣ್ಣ, ದಾರಿ ಇಲ್ಲಿ ನಾಲ್ಕಡಿ ಬಳಸಿಕೊಂಡು ಹೋಗ್ಲಿ. ಆದ್ರೆ ಹಗ್ಗ ಗಿಗ್ಗ ಎಲ್ಲ ನಮ್ಮ ಎಸ್ಟಿಮೇಟಿನಲ್ಲಿ ಇಲ್ಲಮ್ಮ."

ಭಾನುವಾರ ಬೆಳಿಗ್ಗೆ ಹೋದರೆ ಹೊಸ ಸುಣ್ಣದ ಗೆರೆ ಒರಳನ್ನು ಬಳಸಿಕೊಂಡು ಬಾಗಿದೆ. ಸುತ್ತ ನಾಲ್ಕು ಗೂಟ, ಬಾವಿಯ ಹಳೆಯ ತೆಂಗಿನ ಹಗ್ಗ. ಗಂಟು ಗುಂಡಣ್ಣನ ಕೈಯದೆಂದು ಸೊಣ್ಣಮ್ಮ ಹೇಳುತ್ತಾರೆ; ಆತ ಒಪ್ಪುವುದಿಲ್ಲ.

ಇನ್ನೇನು ಬೇಕು ಎಂದು ನಾನು ಕೇಳಿದರೆ ಪೊರಕೆಯ ಕಡ್ಡಿ ಸರಿಮಾಡುತ್ತಾರೆ.

"ಒಂದು ಚೀಟಿ ಬರೆದುಕೊಡಪ್ಪ, ನಂಗೆ ಅಕ್ಷರ ಬರಾಕಿಲ್ಲ. ನನ್ನ ಹೆಸ್ರು ಬ್ಯಾಡ. ಅಕ್ಕಯಮ್ಮ ಕುಟ್ಟಿದ್ದು, ಎಡಗೈಲಿ. ಅಷ್ಟೇ ಬರಿ."