ಅರ್ತಿಂಗ್ ಕ್ಲಿಪ್ಪು ಮರೆತ ದಿನ

ನನ್ನ ತಮ್ಮನಿಗೆ ಲಕ್ವಾ ಹೊಡೆದದ್ದು ಹೋದ ವರ್ಷ ಶ್ರಾವಣದಲ್ಲಿ. ಎಡಗೈ ಅರ್ಧ ಮಾತ್ರ ಮರಳಿ ಬಂತು. ಅವನು ಖಾನಾಪುರದಲ್ಲಿ ಶಾಲಾ ಮಾಸ್ತರನಾಗಿದ್ದವನು. ನಲವತ್ತು ವರ್ಷ ದಿನಾ ಸಂಜೆ ಎಲೆಕ್ಟ್ರಿಕ್ ಗಿಟಾರಿನ ಮೇಲೆ ವಚನ ನುಡಿಸಿದ. ಓಣಿಯವರು ಮೊದಲು ನಕ್ಕರು, ಆಮೇಲೆ ಬಂದು ಕಟ್ಟೆಯ ಮೇಲೆ ಕೂತರು. ಈಗ ಅವನ ಬೆರಳು ತಂತಿಯನ್ನು ಗಟ್ಟಿಯಾಗಿ ಒತ್ತುವುದಿಲ್ಲ. ಸ್ವರ ಹುಟ್ಟಿದ ಕೂಡಲೇ ಸಾಯುತ್ತದೆ.

ಈ ಜ್ಯೇಷ್ಠದಲ್ಲಿ ಅವನು ಗಿಟಾರನ್ನು ತನ್ನ ಹಳೆಯ ಶಾಲೆಗೆ ಕೊಟ್ಟುಬಿಡುತ್ತೇನೆ ಎಂದ. ಕೊಟ್ಟ ದಿನದಿಂದ ಅವನು ಮಂಚ ಬಿಟ್ಟು ಏಳುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಒಂದು ತಿಂಗಳು ತಡಿ ಎಂದೆ. ಸ್ವರವನ್ನು ಹಿಡಿದು ನಿಲ್ಲಿಸುವ ಪೆಡಲ್ ಅಂತ ಒಂದು ಇರುತ್ತದೆ, ಕಾಲಿನಿಂದ ಒತ್ತುವ ಸಣ್ಣ ಡಬ್ಬಿ, ಅದನ್ನು ನಾನೇ ಮಾಡಿ ತರುತ್ತೇನೆ ಎಂದು ಮಾತು ಕೊಟ್ಟೆ.

ಹಾಗೆ ಮಾತು ಕೊಡಲು ನನಗೆ ಧೈರ್ಯವಿತ್ತು. ಬೆಳಗಾವಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತಾರು ವರ್ಷ ದುರಸ್ತಿ ಕೆಲಸ ಮಾಡಿದವನು ನಾನು. ಆರಕ್ಕೆ ಲಿಂಗಪೂಜೆ, ಏಳಕ್ಕೆ ನಾಷ್ಟಾ, ಎಂಟಕ್ಕೆ ಮೇಜು. ನಿವೃತ್ತಿಯಾದ ಮೇಲೂ ಇದು ತಪ್ಪಿಲ್ಲ. ಪೆಡಲಿನ ಸರ್ಕಿಟ್ ನಕಾಶೆಯನ್ನು ನೋಟ್‌ಬುಕ್ಕಿಗೆ ನನ್ನ ಕೈಯಿಂದ ಬರೆದುಕೊಂಡೆ. ಒಂದೊಂದು ಬೆಸುಗೆಗೂ ಒಂದು ಸಾಲು, ಸಾಲಿನ ಮುಂದೆ ಗುರುತು.

ಪೆಡಲಿಗೆ ಎರಡು ಜ್ಯಾಕ್, ಅಂದರೆ ಪಿನ್ ಚುಚ್ಚುವ ತೂತು. ಒಂದಕ್ಕೆ ಗಿಟಾರು, ಇನ್ನೊಂದಕ್ಕೆ ಸ್ಪೀಕರು. ಗಿಟಾರಿನ ಪಿನ್ ಚುಚ್ಚಿದರೆ ಮಾತ್ರ ಒಳಗಿನ ಸೆಲ್ ಕೂಡುತ್ತದೆ, ಕಿತ್ತರೆ ಬಿಡುತ್ತದೆ. ಬೇರೆ ಸ್ವಿಚ್ ಬೇಕಿಲ್ಲ. ಈ ಜಾಣತನ ನನಗೆ ಬಹಳ ಹಿಡಿಸಿತ್ತು. ಖಾನಾಪುರದ ಮಳೆಗೆ ಜಂಗು ಹಿಡಿಯಬಾರದೆಂದು ತಗಡಿನ ಡಬ್ಬಿಗೆ ಒಳಗೂ ಹೊರಗೂ ಎರಡೆರಡು ಸಲ ಬಣ್ಣ ಬಳಿದೆ. ತೂತಿನ ಅಂಚಿಗೂ ಸಣ್ಣ ಕುಂಚ ಆಡಿಸಿದೆ. ಬಣ್ಣಕ್ಕೆ ಗೀರು ಬೀಳಬಾರದೆಂದು ಜ್ಯಾಕುಗಳಿಗೆ ಫೈಬರ್ ವಾಷರ್ ಹಾಕಿದೆ.

ಗಿಟಾರಿನ ಬದಲು ಹಳೆಯ ರೇಡಿಯೊದ ಪಿನ್ ಚುಚ್ಚಿ ನೋಡಿದೆ, ಮೇಜಿನ ಮೇಲೆ ಅದು ಚೆನ್ನಾಗಿ ನುಡಿಯಿತು. ಡಬ್ಬಿಗೆ ಕೂರಿಸಿ, ಸ್ಕ್ರೂ ಬಿಗಿದು, ಬಸ್ ಹತ್ತಿದೆ.

ಖಾನಾಪುರದಲ್ಲಿ ಪಿನ್ ಚುಚ್ಚಿದರೆ ಡಬ್ಬಿಯ ಮೇಲಿನ ಸಣ್ಣ ದೀಪ ಹತ್ತಿತು, ಆದರೆ ಸ್ಪೀಕರಿನಿಂದ ಬಂದದ್ದು ಬರೀ ಗುಂಯ್‌ಗುಟ್ಟುವ ಸದ್ದು. ತಮ್ಮ ಸ್ವಲ್ಪ ಹೊತ್ತು ಕೇಳಿದ.

"ನಿಮ್ಮ ಎಕ್ಸ್‌ಚೇಂಜಿನ ಫೋನೂ ಹಿಂಗ ಅಂತಿತ್ತಲ್ಲ ಅಣ್ಣಾ," ಎಂದ.

ಅವನ ಹೆಂಡತಿ ನಕ್ಕಳು. ನಾನೂ ನಕ್ಕೆ. ಇನ್ನೊಂದು ವಾರದ ಸಮಯ ಕೇಳಿದೆ.

ಆ ವಾರ ಮೂರು ವಾರವಾಯಿತು. ದಿನಾ ಎಂಟಕ್ಕೆ ಡಬ್ಬಿ ಬಿಚ್ಚಿ, ಜ್ಯಾಕುಗಳನ್ನು ಹೊರತೆಗೆದು, ಮೇಜಿನ ಮೇಲೆ ಹರವಿ, ಮೊದಲಿನಿಂದ ಪರೀಕ್ಷಿಸುತ್ತಿದ್ದೆ. ಬಿಚ್ಚಿದಾಗ ಸರಿ, ಮುಚ್ಚಿದಾಗ ಗುಂಯ್. ಜ್ಯಾಕ್ ಬದಲಿಸಿದೆ. ತಂತಿ ಬದಲಿಸಿದೆ. ಸರಿಯಿದ್ದ ಬೆಸುಗೆಗಳನ್ನೂ ಕರಗಿಸಿ ಮತ್ತೆ ಹಾಕಿದೆ. ನೋಟ್‌ಬುಕ್ಕಿನಲ್ಲಿ ಎಲ್ಲ ಸಾಲಿಗೂ ಗುರುತು ಬಿದ್ದಿತ್ತು, ಕೆಲವಕ್ಕೆ ಐದೈದು. ಮೂರನೆಯ ವಾರದ ಕೊನೆಗೆ, ಒಂದು ಭಾನುವಾರ, ತಮ್ಮ ಫೋನ್ ಮಾಡಿ, ಶಾಲೆಯವರು ಬಂದು ಗಿಟಾರ್ ನೋಡಿಹೋದರು, ಬರುವ ಭಾನುವಾರ ಒಯ್ಯುತ್ತಾರೆ ಎಂದು ತಿಳಿಸಿದ. ಪೆಡಲಿನ ವಿಷಯ ಕೇಳಲಿಲ್ಲ. ಅವನು ಕೇಳದೇ ಇದ್ದದ್ದೇ ನನ್ನನ್ನು ಹೆಚ್ಚು ಕುಗ್ಗಿಸಿತು.

ಮರುದಿನ, ಸೋಮವಾರ, ಎಂದಿನಂತೆ ಎಲ್ಲ ಬಿಚ್ಚಿ ಹರವಿ ಪಿನ್ ಚುಚ್ಚಿದೆ. ಮೇಜಿನ ಮೇಲೆಯೇ ಗುಂಯ್ ಎಂದಿತು. ಬಿಚ್ಚಿದಾಗ ಅದು ಎಂದೂ ಹಾಗೆ ಮಾಡಿರಲಿಲ್ಲ. ಕೈ ಕಟ್ಟಿಕೊಂಡು ನೋಡುತ್ತ ಕುಳಿತೆ. ನನ್ನ ಕರಿ ಕ್ಲಿಪ್ಪು, ಎರಡೂ ತುದಿಗೆ ಚಿಮಟವಿರುವ ತಂತಿ, ಇನ್ನೂ ಗೋಡೆಯ ಮೊಳೆಗೇ ತೂಗುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ದಿನ ನಮಗೆ ಕಲಿಸಿದ್ದು ಇದು: ಏನನ್ನೇ ಪರೀಕ್ಷಿಸುವ ಮೊದಲು ಅರ್ತಿಂಗ್ ಕ್ಲಿಪ್ಪು ಹಚ್ಚಬೇಕು. ಅಂದಿನಿಂದ ನನ್ನ ಕೈ ಕೇಳದೆಯೇ ಅದನ್ನು ಹಚ್ಚುತ್ತಿತ್ತು. ಇಷ್ಟು ದಿನವೂ ಒಂದು ಜ್ಯಾಕಿನಿಂದ ಇನ್ನೊಂದಕ್ಕೆ ಹಚ್ಚುತ್ತಲೇ ಬಂದಿದ್ದೆ, ಡಬ್ಬಿ ಮುಚ್ಚುವಾಗ ತೆಗೆಯುತ್ತಿದ್ದೆ. ನಕಾಶೆಯಲ್ಲಿ ಎರಡು ಜ್ಯಾಕುಗಳ ಅರ್ತಿಂಗನ್ನು ಕೂಡಿಸುವುದು ಡಬ್ಬಿಯ ತಗಡು. ಆ ತಗಡಿಗೆ ನಾನು ಬಣ್ಣ ಬಳಿದು, ವಾಷರ್ ಹಾಕಿ, ದಾರಿ ಮುಚ್ಚಿದ್ದೆ. ನನ್ನ ಕ್ಲಿಪ್ಪು ದಿನಾ ಬೆಳಿಗ್ಗೆ ಆ ತಪ್ಪನ್ನು ಮುಚ್ಚುತ್ತಿತ್ತು.

ಗೇಣಿಗಿಂತ ಗಿಡ್ಡ ತಂತಿಯೊಂದನ್ನು ಎರಡರ ನಡುವೆ ಬೆಸೆದೆ. ಡಬ್ಬಿ ಮುಚ್ಚಿದೆ. ಸದ್ದು ಶುಭ್ರವಾಗಿ ಬಂತು.

ಸಂತೋಷವಾಗಬೇಕಿತ್ತು. ಆದರೆ ನಾನು ಯೋಚಿಸುತ್ತಿದ್ದದ್ದು ಕ್ಲಿಪ್ಪನ್ನು ಮರೆತದ್ದರ ಬಗ್ಗೆ. ಮೂವತ್ತಾರು ವರ್ಷದ ನೌಕರಿಯಲ್ಲಿ ಒಮ್ಮೆಯೂ ಮರೆತವನಲ್ಲ. ಮರೆಯದೇ ಹೋಗಿದ್ದರೆ ದೋಷ ಸಿಗುತ್ತಲೇ ಇರಲಿಲ್ಲ. ಇನ್ನು ಏನೇನು ಮರೆಯಲಿದ್ದೇನೆ ಎಂದು ಆ ಹೊತ್ತಿಗೆ ಮೊದಲ ಸಲ ಹೆದರಿದೆ.

ಮಂಗಳವಾರ ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋದೆ. ತಮ್ಮ ಮಂಚದ ಮೇಲೆ ಎದ್ದು ಕೂತ. ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಟ್ಟೆ, ಪೆಡಲನ್ನು ಅವನ ಕಾಲ ಹತ್ತಿರ ಸರಿಸಿದೆ. ಒಂದು ತಂತಿ ಮೀಟಿದ. ಸ್ವರ ಸಾಯದೆ ನಿಂತಿತು. ಅವನು ಮುಖ ಎತ್ತಿ ನನ್ನ ಕಡೆ ನೋಡಿದ. ವಚನದ ಮೊದಲ ಸಾಲು ಹಿಡಿದ. ಎರಡನೆಯ ಸ್ವರಕ್ಕೆ ಬೆರಳು ಅರ್ಧ ಒತ್ತಿತು, ತಂತಿ ಜರ್ರೆಂದಿತು. ಪೆಡಲ್ ಆ ಜರ್ರನ್ನೂ ಅಷ್ಟೇ ನಿಷ್ಠೆಯಿಂದ ಹಿಡಿದು ನಿಲ್ಲಿಸಿತು. ಮೂರನೆಯದೂ ಹಾಗೇ. ಮೊದಲಾದರೆ ಅವು ಹುಟ್ಟಿ ಸಾಯುತ್ತಿದ್ದವು. ಈಗ ಕೋಣೆ ತುಂಬ ನಿಂತವು.

ಮತ್ತೊಮ್ಮೆ ಮೊದಲಿನಿಂದ ನುಡಿಸಿದ. ಆಮೇಲೆ ಕೈ ಬಿಟ್ಟ.

"ನಿನ್ನ ಡಬ್ಬಿ ಖರೇ ಅದ ಅಣ್ಣಾ," ಎಂದ. "ಆದ್ರ ಈಗ ತಪ್ಪೂ ಉದ್ದಾಗ್ಯಾವು."

ನಿಧಾನಕ್ಕೆ ರೂಢಿಯಾಗುತ್ತದೆ, ದಿನಾ ಅರ್ಧ ತಾಸು ಕೂಡು, ವೇಳಾಪಟ್ಟಿ ಹಾಕಿಕೊಡುತ್ತೇನೆ ಎಂದು ಏನೇನೋ ಹೇಳಿದೆ. ಅವನು ಬೇಡವೆಂದು ತಲೆ ಆಡಿಸಿದ. ಶಾಲೆಯವರು ಭಾನುವಾರ ಬರುವುದು ಹಾಗೇ ಇರಲಿ ಎಂದ. ಗಿಟಾರನ್ನು ಗೋಡೆಗೆ ಒರಗಿಸಿದೆ. ಚಾ ಬಂತು, ಕುಡಿದೆವು. ಏಳುವಾಗ ಪಿನ್ ಕೀಳಲು ಬಗ್ಗಿದೆ, ಇಲ್ಲದಿದ್ದರೆ ಸೆಲ್ ಸುಮ್ಮನೆ ಖರ್ಚಾಗುತ್ತದೆ.

"ಇರ್ಲಿ ಬಿಡು," ಎಂದ ತಮ್ಮ. "ಆ ದೀಪ ಹತ್ಕೊಂಡಿರ್ಲಿ."

ಜೀವನದಲ್ಲಿ ಒಂದು ಬಲ್ಬನ್ನೂ ಉರಿಯಬಿಟ್ಟು ಮನೆಯಿಂದ ಹೊರಬಿದ್ದವನಲ್ಲ ನಾನು. ಪಿನ್ನು ಬಿಟ್ಟು ಬಂದೆ. ಬಸ್ಸು ಪೀರನವಾಡಿ ದಾಟುವಷ್ಟರಲ್ಲಿ ತಲೆ ತಾನೇ ಲೆಕ್ಕ ಮುಗಿಸಿತ್ತು: ಆ ಸೆಲ್ ಗುರುವಾರ ಮಧ್ಯಾಹ್ನದ ತನಕ ತಡೆಯಬಹುದು.

ಗುರುವಾರ ನಾನು ಫೋನ್ ಮಾಡಲಿಲ್ಲ. ಭಾನುವಾರವೂ ಮಾಡಲಿಲ್ಲ.