ಅಂಚಿನ ಕಾಲಾಳು

ಡೈರಿಯಲ್ಲಿ ಆ ಭಾನುವಾರದ ಪುಟಕ್ಕೆ ಮೂರೇ ಸಾಲು. ಸಿರುಗುಪ್ಪ ಬಿಟ್ಟದ್ದು ಆರಕ್ಕೆ. ಬಳ್ಳಾರಿ ಮುಟ್ಟಿದ್ದು ಹನ್ನೊಂದೂವರೆಗೆ. ಹದಿನಾಲ್ಕನೆಯ ನಡೆಗೆ ಸೋಲು. ಉಳಿದದ್ದನ್ನು ಬರೆಯಲು ಅಂದು ಕೈ ಏಳಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ನಾನು ಸಿರುಗುಪ್ಪದ ತಾಲ್ಲೂಕು ಕಚೇರಿಯಲ್ಲಿ ನಕಲು ಗುಮಾಸ್ತ. ಬಳ್ಳಾರಿ ಕಂಟೋನ್ಮೆಂಟಿನ ಚೆಸ್ ಸಂಘದವರು ಮದರಾಸಿನ ಪಂದ್ಯಕ್ಕೆ ಒಬ್ಬನನ್ನು ಕಳಿಸುವವರಿದ್ದರು. ಕೊನೆಗೆ ಉಳಿದವರು ನಾನು ಮತ್ತು ಒಬ್ಬ ಹಿರಿಯ ವಕೀಲರು. ಈ ಒಂದು ಆಟ ಗೆದ್ದವನಿಗೆ ಮದರಾಸು. ನಾನು ಅಲ್ಲಿಯವರೆಗೆ ಗುಂತಕಲ್ಲು ದಾಟಿದವನಲ್ಲ.

ಆಟ ಕಲಿಸಿದ್ದು ಕುರುಗೋಡಿನಲ್ಲಿ ಅಪ್ಪ. ಅವರದು ನಮ್ಮ ಕಡೆಯ ಆಟ. ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗಬೇಕು. ಸಂಘದ ಆಟದಲ್ಲಿ ಮೊದಲ ಸಲ ಎರಡು ಮನೆ ಹೋಗಬಹುದು ಎಂದು ಹೇಳಿದ್ದಕ್ಕೆ, "ಕಾಲಾಳು ನಡೀತಾನಲೇ, ಹಾರಾಕ ಅವನೇನು ಮಿಡತೀನಾ?" ಎಂದಿದ್ದರು. ಡೈರಿಯ ಹಿಂದಿನ ಹಾಳೆಯಲ್ಲಿ ಆ ವರ್ಷ ಅಂದಿನವರೆಗಿನ ಲೆಕ್ಕವಿದೆ: ಅಪ್ಪನೊಡನೆ ಇಪ್ಪತ್ತಾರು ಆಟ, ಸಂಘದಲ್ಲಿ ಒಂಬತ್ತು.

ಪೆಟ್ರೋಲಿಲ್ಲದ್ದಕ್ಕೆ ಇದ್ದಿಲ ಹೊಗೆಯಿಂದ ಓಡುವ ಬಸ್ಸು ಸಿರಿಗೇರಿಯ ಹತ್ತಿರ ಎರಡು ಸಲ ನಿಂತಿತು. ಎರಡು ಸಲವೂ ಇಳಿದು ತಳ್ಳಿದೆವು. ಸಂಘದ ಮನೆ ಸೇರಿದಾಗ ನನ್ನ ಅಂಗಿಯೆಲ್ಲ ಮಸಿ.

"ಏಮಯ್ಯಾ, ಬಸ್ಸಿನಾಗ ಬಂದೆಯೋ, ಬಸ್ಸನ್ನ ಹೊತ್ಕಂಡು ಬಂದೆಯೋ?" ಎಂದರು ವಕೀಲರು. "ನೀರು ಕುಡಿ, ಕುಂತ್ಕ."

ಅವರು ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದರು. ನಾನೂ ನೂಕಿದೆ. ಅವರು ತಮ್ಮದರ ಪಕ್ಕದ್ದನ್ನೂ ಎರಡು ಮನೆ ತಂದು ನನ್ನ ಬಾಯಿಗೆ ಇಟ್ಟರು. ಈ ಆರಂಭದ ಹೂಟ ನನಗೆ ಗೊತ್ತಿತ್ತು: ಆ ಕಾಲಾಳನ್ನು ಹೊಡೆದರೆ ನನ್ನದು ನಡುವಿನಿಂದ ಸರಿಯುತ್ತದೆ, ನಡು ಅವರದಾಗುತ್ತದೆ. ಹೊಡೆಯಬಹುದು, ಆದರೆ ಮುಂದೆ ಅದನ್ನು ಬಿಟ್ಟುಕೊಟ್ಟು ಕುದುರೆ, ಒಂಟೆಗಳನ್ನು ಹೊರಗೆ ತರಬೇಕು. ಇದನ್ನೆಲ್ಲ ಡೈರಿಗೆ ನಕಲು ಮಾಡಿಕೊಂಡಿದ್ದೆ.

ಹೊಡೆದೆ. ಅವರು ರಾಜನ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ, ನನ್ನದನ್ನು ಹೊಡೆಯಲು ಒಂಟೆಗೆ ದಾರಿ ಬಿಟ್ಟರು. ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಒಂದು ಕಾಲಾಳು ಹೆಚ್ಚು ಅಂದರೆ ಮದರಾಸಿಗೆ ಅಷ್ಟು ಹತ್ತಿರ. ಪಕ್ಕದ ಕಾಲಾಳನ್ನು ಮುಂದೆ ತಂದು ಅದಕ್ಕೆ ಕಾವಲು ಇಟ್ಟೆ. ಆ ಕಾವಲನ್ನು ಕೆಣಕಬೇಕಾದರೆ ಅವರ ಅಂಚಿನ ಕಾಲಾಳೇ ಬರಬೇಕು. ಬರಲು ಎರಡು ನಡೆ ಬೇಕು ಎಂದು ಎಣಿಸಿದೆ. ಅಷ್ಟರೊಳಗೆ ನನ್ನ ಒಂಟೆ ಮೂಲೆಯ ಆನೆಯ ಓರೆಸಾಲಿಗೆ ಅಡ್ಡ ಬಂದು ನಿಲ್ಲುತ್ತದೆ.

ವಕೀಲರ ಕಾಲಾಳು ಒಂದೇ ನಡೆಯಲ್ಲಿ ಎರಡು ಮನೆ ಬಂತು.

ನಾನು ಎಣಿಸಿದ್ದು ಅಪ್ಪನ ಆಟ. ವಕೀಲರ ಎರಡು ಕಾಲಾಳುಗಳು ಎರಡೆರಡು ಮನೆ ಹೋಗಿದ್ದು ಕಣ್ಣೆದುರಿಗೇ ಇತ್ತು. ಆದರೂ ಅಂಚಿನಲ್ಲಿದ್ದದ್ದನ್ನು ಅಪ್ಪನ ಜಗಲಿಯ ಬಟ್ಟೆ ಹಾಸಿನ ಮೇಲಿನ ಕಾಲಾಳಂತೆಯೇ ನೋಡಿದ್ದೆ. ಕಾವಲಿಗೆ ಇನ್ನೊಂದು ಕಾಲಾಳು ಕೂಡಿಸಿದೆ. ವಕೀಲರು ಹೊಡೆದರು, ನಾನು ಹೊಡೆದೆ, ಓರೆಸಾಲು ಪೂರ್ತಿ ತೆರೆಯಿತು. ಅವರ ಮಂತ್ರಿ ಎರಡು ಮನೆ ಓರೆಗೆ ಬಂದು ನಿಂತಿತು. ಅಲ್ಲಿಂದ ಮೂಲೆಯ ನನ್ನ ಆನೆಯವರೆಗೆ ಅಡ್ಡ ಯಾರೂ ಇರಲಿಲ್ಲ; ಆನೆಯನ್ನೋ ಅದರ ಬದಲಿಗೆ ಇನ್ನೊಂದು ಕಾಯನ್ನೋ ಕಳೆದುಕೊಳ್ಳಲೇಬೇಕಿತ್ತು.

ಮುಂದಿನ ಎಂಟು ನಡೆಗಳನ್ನು ಹೆಸರಿಗಷ್ಟೇ ಆಡಿದೆ.

"ಪುಕ್ಕಟೆ ಸಿಕ್ಕಿದ್ದನ್ನ ಅಷ್ಟು ಬಿಗಿ ಹಿಡೀಬಾರ್ದಪ್ಪಾ," ಎಂದು ವಕೀಲರು ಎದ್ದರು.

ಸಂಜೆ ಕುರುಗೋಡಿನಲ್ಲಿ ಇಳಿದೆ. ಅಪ್ಪ ಜಗಲಿಯ ಮೇಲಿದ್ದರು.

"ಮದ್ರಾಸಿಗೆ ಯಾವಾಗ ಹೊಂಟೀಯಲೇ?"

"ಇಲ್ಲಪ್ಪಾ. ಅಂಚಿನ ಕಾಲಾಳು ಎರಡು ಮನಿ ಬಂತು."

"ಆ ಆಟದಾಗ ಬರತೈತಿ ಅಂತ ನೀನೇ ಹೇಳಿದ್ದೆಲ್ಲೋ."

"ಹೇಳಿದ್ದೆ."

ಅವರು ಹಾಸು ಬಿಚ್ಚಿ ಕಾಯಿ ಜೋಡಿಸಿದರು. ಅಂಚಿನದೊಂದನ್ನು ಎರಡು ಮನೆ ಮುಂದಿಟ್ಟು, "ಹಿಂಗನಾ?" ಎಂದರು. ತಲೆಯಾಡಿಸಿದೆ. ಸ್ವಲ್ಪ ಹೊತ್ತು ನೋಡಿ ಅದನ್ನು ಹಿಂದಕ್ಕೆ ಇಟ್ಟರು. "ಮಸಿ ತೊಳಕಂಡು ಬಾ. ಒಂದಾಟ ಆಡೋಣು."

ಹಿಂದಿನ ಹಾಳೆಯಲ್ಲಿ ಅಪ್ಪನ ಹೆಸರಿನ ಕೆಳಗೆ ಇಪ್ಪತ್ತೇಳನೆಯ ಆಟ ಬರೆದಿದೆ. ಗೆದ್ದವರಾರು ಎಂಬ ಜಾಗ ಖಾಲಿ. ಆಟದ ನಡುವೆಯೇ ಗೋಡೆಗೆ ಒರಗಿ ನಿದ್ದೆ ಹೋಗಿದ್ದೆ.